ಆಂಬ್ರೋಸ್ ಮಾಸ್ತರರು ತುಂಬಿಸಿದ ಶಕ್ತಿ

ಮಂಗಳೂರಿನ ಜೆಪ್ಪುವಿನಲ್ಲಿ, ಹಂಚಿನ ಕಾರ್ಖಾನೆಯೊಂದರ ದೋಣಿ ನಿಲ್ಲುವ ದಕ್ಕೆಯಲ್ಲಿ ಬೋಜ ಮಣ್ಣು ಹೊರುತ್ತಿದ್ದ. ನೇತ್ರಾವತಿಯ ಮೇಲ್ಗಡೆಯಿಂದ ದೋಣಿಗಳಲ್ಲಿ ಆವೆಮಣ್ಣು ಬರುತ್ತಿತ್ತು. ದೋಣಿಯಿಂದ ದಡಕ್ಕೆ ಉದ್ದನೆಯ ಒಂದು ಹಲಗೆ, ಅಲ್ಲಿಂದ ಮಣ್ಣಿನ ರಾಶಿಯವರೆಗೆ ಒಂದು ಏರು. ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಿಧಾನವಾಗಿ ನಡೆದರೆ ಹಲಗೆ ಬಾಗಿ ತೂಗುತ್ತದೆ, ಕಾಲು ಜಾರುತ್ತದೆ. ಆದ್ದರಿಂದ ಎಲ್ಲರೂ ಓಡಿಯೇ ಹತ್ತುತ್ತಿದ್ದರು. ಬುಟ್ಟಿ ಸುರುವಿ, ಬರಿ ತಲೆಯಲ್ಲಿ ನಡೆದು ಇಳಿಯುತ್ತಿದ್ದರು. ಬೆಳಗಿನ ಸೀಟಿಯಿಂದ ಸಂಜೆಯ ಸೀಟಿಯವರೆಗೆ ಹೀಗೆ ಓಡಿ ಹತ್ತುವುದು, ನಡೆದು ಇಳಿಯುವುದು. ಬೋಜ ಇದನ್ನು ಹದಿನೈದನೆಯ ವಯಸ್ಸಿನಿಂದ ಮಾಡುತ್ತಿದ್ದ. ಈಗ ಅವನಿಗೆ ಇಪ್ಪತ್ತಮೂರು. ಇದನ್ನು ವ್ಯಾಯಾಮ ಎಂದು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

1935ರ ಮೇ ತಿಂಗಳಲ್ಲಿ ಚಕ್ರವರ್ತಿಗಳ ಪಟ್ಟದ ಬೆಳ್ಳಿಹಬ್ಬವೆಂದು ಮೈದಾನದಲ್ಲಿ ಕ್ರೀಡಾಕೂಟ ನಡೆಯಿತು. ಕಾರ್ಖಾನೆಗೆ ರಜೆ. ನೋಡಲು ಹೋದ ಬೋಜನನ್ನು ಜೊತೆಯವರು ತಮಾಷೆಗೆ ಒಂದು ಮೈಲಿ ಓಟದ ಸಾಲಿಗೆ ದೂಡಿದರು. ಅವನು ಪಂಚೆಯನ್ನು ಮೇಲಕ್ಕೆ ಬಿಗಿದು, ಬರಿಗಾಲಲ್ಲಿ ಓಡಿ, ಕಾಲೇಜಿನವರನ್ನೂ ಪೊಲೀಸರನ್ನೂ ಹಿಂದೆ ಹಾಕಿ ಮೊದಲಿಗನಾಗಿ ಬಂದ. ಉಳಿದವರು ಹುಲ್ಲಿನ ಮೇಲೆ ಬಿದ್ದು ಬಾಯಿ ಬಿಡುತ್ತಿದ್ದಾಗ ಇವನು ಕಡಲೆ ಮಾರುವವನ ಹತ್ತಿರ ನಿಂತು ಬಿಸಿ ಕಡಲೆ ಊದಿ ಊದಿ ತಿನ್ನುತ್ತಿದ್ದ. ಅದನ್ನು ಕರಾವಳಿ ವ್ಯಾಯಾಮ ಸಂಘದವರು ನೋಡಿದರು. ಅವನ ಕಷ್ಟಗಳು ಶುರುವಾದದ್ದು ಅಲ್ಲಿಂದ.

ವ್ಯಾಯಾಮ ಸಂಘ ಹಂಪನಕಟ್ಟೆಯ ಬಳಿ ಒಂದು ಮಾಳಿಗೆ ಕಟ್ಟಡದಲ್ಲಿತ್ತು. ಸದಸ್ಯರು ವಕೀಲರು, ಕಾಫಿ ವ್ಯಾಪಾರಿಗಳು, ಕಚೇರಿಯ ದೊಡ್ಡ ಗುಮಾಸ್ತರು. ಮಾಳಿಗೆಯ ಮೆಟ್ಟಿಲು ಹತ್ತಿ ಚಾ ಕುಡಿಯಲು ಹೋಗುವುದು ಅವರಲ್ಲಿ ಹೆಚ್ಚಿನವರ ವ್ಯಾಯಾಮ. ಸಂಘದ ಶಿಕ್ಷಕರು ಆಂಬ್ರೋಸ್ ಮಾಸ್ತರರು. ಮದ್ರಾಸಿನಲ್ಲಿ ಆರು ತಿಂಗಳು ಇದ್ದು, ಒಂದು ಸರ್ಟಿಫಿಕೇಟು, ಒಂದು ಸೀಟಿ, ಒಂದು ಸ್ಟಾಪ್‌ವಾಚು ಮತ್ತು ಒಂದು ಇಂಗ್ಲಿಷ್ ಪುಸ್ತಕ ತಂದಿದ್ದರು. ಪುಸ್ತಕದ ಮೊದಲ ಅರವತ್ತು ಪುಟಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆಹಾರದ ಅಧ್ಯಾಯ ಮತ್ತು ವಿಶ್ರಾಂತಿಯ ಅಧ್ಯಾಯ. ಓಟದ ಬಗ್ಗೆ ಪುಸ್ತಕ ಏನು ಹೇಳಿತ್ತೋ ಅದು ಗೆದ್ದಲಿಗೆ ಮಾತ್ರ ಗೊತ್ತಿತ್ತು. ಮಾಸ್ತರರಿಗೆ ಅದೊಂದು ಕೊರತೆಯೆಂದು ಅನ್ನಿಸಿರಲೇ ಇಲ್ಲ.

ಡಿಸೆಂಬರಿನ ಕೊನೆಯ ಶನಿವಾರ ಪ್ರತಿವರ್ಷ ಏಳು ಮೈಲಿ ಓಟ ಇರುತ್ತಿತ್ತು. ಹಂಪನಕಟ್ಟೆಯಿಂದ ಹೊರಟು ಕಂಕನಾಡಿ ದಾಟಿ ಪಡೀಲಿಗೆ ಹೋಗಿ, ಅದೇ ದಾರಿಯಲ್ಲಿ ಕಂಕನಾಡಿಯ ಏರು ಹತ್ತಿ, ಜೆಪ್ಪುವಿಗೆ ಇಳಿದು, ಮೈದಾನದಲ್ಲಿ ಮುಗಿಯಬೇಕು. ಎರಡು ವರ್ಷದಿಂದ ಗೆದ್ದವರಿಗೆ ಕೊಡುವ ಕಪ್ಪನ್ನು ಕಾಸರಗೋಡಿನ ಸಮದ್ ಎಂಬವನು ಎತ್ತಿಕೊಂಡು ಹೋಗುತ್ತಿದ್ದ. ಅವನು ಸಮುದ್ರದಿಂದ ಪೇಟೆಗೆ ಮೈಲಿಗಟ್ಟಲೆ ಓಡಿ ಮೀನಿನ ಬುಟ್ಟಿ ಹೊರುವವನು. ಮಂಗಳೂರಿನ ಮಾನ ಮೀನಿನ ಬುಟ್ಟಿಯಲ್ಲಿ ಹೋಗುತ್ತಿದೆ ಎಂದು ಸಂಘದ ಅಧ್ಯಕ್ಷರಾದ ವಕೀಲರು ಭಾಷಣ ಮಾಡಿದ್ದರು. ಅದಕ್ಕೇ ಅಕ್ಟೋಬರಿನ ಒಂದು ಸಂಜೆ ಆಂಬ್ರೋಸ್ ಮಾಸ್ತರರು ಬೋಜನ ಮನೆಗೆ ಬಂದರು.

ಮನೆಯಲ್ಲಿ ಬೋಜ ಮತ್ತು ಅವನ ಅಕ್ಕ ಹೇಮಾಕ್ಷಿ ಇಬ್ಬರೇ. ಹೇಮಾಕ್ಷಿಯೂ ಅದೇ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚನ್ನು ಕತ್ತಿಯಿಂದ ಕೆತ್ತುವ ಕೆಲಸದವಳು. ಬಾಯಿ ಬಿಟ್ಟರೆ ಆ ಕತ್ತಿಯೇ ಬಾಯಲ್ಲಿ ಇದೆಯೆಂದು ಸುತ್ತಲಿನವರು ಹೇಳುತ್ತಿದ್ದರು.

"ಎರಡು ತಿಂಗಳು ಇವನು ನಮ್ಮ ಸಂಘದಲ್ಲೇ ಇರಬೇಕು," ಎಂದರು ಮಾಸ್ತರರು. "ಮಣ್ಣು ಹೊರುವುದು ಬಂದ್. ಓಡುವುದೂ ಬಂದ್."

"ಓಡ್ಲಿಕ್ಕೆ ಕರ್ಕೊಂಡು ಹೋಗಿ ಓಡುವುದು ಬಂದ್ ಅಂದ್ರೆ ಎಂತ?" ಎಂದು ಹೇಮಾಕ್ಷಿ ಕೇಳಿದಳು.

ಮಾಸ್ತರರು ಅಜ್ಞಾನಿಗಳ ಬಗ್ಗೆ ತಮಗಿದ್ದ ದಯೆಯನ್ನೆಲ್ಲ ಮುಖಕ್ಕೆ ತಂದುಕೊಂಡರು. "ನೋಡಿ, ಮನುಷ್ಯನ ಶಕ್ತಿ ಅಂದ್ರೆ ಲಾಟೀನಿನ ಎಣ್ಣೆ ಇದ್ದ ಹಾಗೆ. ದಿನಾ ಉರಿಸಿದ್ರೆ ಖಾಲಿ ಆಗ್ತದೆ. ನಾನು ಎರಡು ತಿಂಗಳು ತುಂಬಿಸ್ತೇನೆ. ಓಟದ ದಿನ ಒಮ್ಮೆಲೇ ಉರಿಸುವುದು. ಇದು ಸೈನ್ಸ್."

"ಸೇದದ ಬಾವಿಯ ನೀರು ಹುಳ ಹಿಡೀತದೆ, ಮಾಸ್ಟ್ರೇ. ಅದಕ್ಕೆ ಎಂತ ಸೈನ್ಸ್ ಉಂಟು?"

ಮಾಸ್ತರರು ಬೋಜನ ಕಡೆ ತಿರುಗಿ, "ಮಿಸ್ಟರ್ ಬೋಜ, ನೀವು ಏನು ಹೇಳ್ತೀರಿ?" ಎಂದರು.

ಬೋಜನನ್ನು ಅದುವರೆಗೆ ಯಾರೂ ಮಿಸ್ಟರ್ ಎಂದಿರಲಿಲ್ಲ. ನೀವು ಎಂದೂ ಅಂದಿರಲಿಲ್ಲ. ಅವನು ಹೂಂ ಎಂದುಬಿಟ್ಟ. ಆಮೇಲೆ ಎಷ್ಟೋ ಸಲ ಅವನು ಇದನ್ನು ನೆನಪು ಮಾಡಿಕೊಂಡು, ಬೇರೆ ಯಾವ ಕಾರಣವೂ ಇರಲಿಲ್ಲ, ಆ ಎರಡು ಮಾತಿಗೆ ಬಿದ್ದೆ ಎಂದು ತನ್ನನ್ನೇ ಹಳಿದುಕೊಂಡದ್ದುಂಟು.

ಸಂಘದ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಹತ್ತಿಯ ಹಾಸಿಗೆ, ಕಿಟಕಿಗೆ ಪರದೆ. ಬೆಳಿಗ್ಗೆ ಹಾಲಿನಲ್ಲಿ ಕಲಕಿದ ನಾಲ್ಕು ಹಸಿ ಮೊಟ್ಟೆ. ಹತ್ತು ಗಂಟೆಗೆ ಕುರಿಮಾಂಸದ ಸೂಪು. ಮಧ್ಯಾಹ್ನ ಊಟ, ಊಟದ ಮೇಲೆ ಮೂರು ಗಂಟೆ ಅಲ್ಲಾಡದೆ ಮಲಗುವುದು. ಸಂಜೆ ಮಾಸ್ತರರ ಜೊತೆ ಅರ್ಧ ಮೈಲಿ ನಡಿಗೆ, ಅದೂ ಬೆವರು ಬರದ ಹಾಗೆ. ಬೆವರು ಬಂದರೆ ಎಣ್ಣೆ ಸೋರಿದ ಹಾಗೆ ಎಂದು ಮಾಸ್ತರರು ಕರವಸ್ತ್ರದಿಂದ ಅವನ ಹಣೆ ಒತ್ತಿ ನೋಡುತ್ತಿದ್ದರು. ನಡೆದ ಮೇಲೆ ಒಂದು ಗಂಟೆ ನೀರು ಕುಡಿಯುವಂತಿಲ್ಲ. ನೀರು ಕುಡಿದರೆ ರಕ್ತ ತೆಳ್ಳಗಾಗುತ್ತದೆ.

ವಾರಕ್ಕೊಮ್ಮೆ ಅವನನ್ನು ಬಂದರಿನ ಕೊಬ್ಬರಿ ಗೋದಾಮಿಗೆ ಕರೆದುಕೊಂಡು ಹೋಗಿ, ಕೊಬ್ಬರಿ ಚೀಲ ತೂಗುವ ತಕ್ಕಡಿಯಲ್ಲಿ ಕೂರಿಸುತ್ತಿದ್ದರು. ತೂಕ ಏರುತ್ತಿತ್ತು. ನವೆಂಬರ್ ಮುಗಿಯುವಾಗ ಹನ್ನೊಂದು ಪೌಂಡು ಹೆಚ್ಚಾಗಿತ್ತು. "ಹನ್ನೊಂದು ಪೌಂಡ್ ಶಕ್ತಿ!" ಎಂದು ಮಾಸ್ತರರು ಅಧ್ಯಕ್ಷರಿಗೆ ವರದಿ ಮಾಡಿದರು. ಅಧ್ಯಕ್ಷರು ಚಾ ಕುಡಿಯಲು ಬಂದ ಅತಿಥಿಗಳನ್ನೆಲ್ಲ ಹಿಂದಿನ ಕೋಣೆಗೆ ಕರೆದುಕೊಂಡು ಬರುತ್ತಿದ್ದರು. ಅವರು ಹೋರಿ ಕೊಳ್ಳಲು ಬಂದವರಂತೆ ಬೋಜನ ಮೀನಖಂಡ ಒತ್ತಿ, ತಲೆಯಾಡಿಸಿ ಹೋಗುತ್ತಿದ್ದರು.

ಬೋಜನಿಗೆ ಮೊದಲ ವಾರ ಸುಖವಾಗಿತ್ತು. ಎರಡನೆಯ ವಾರ ಬೇಸರವಾಯಿತು. ಮೂರನೆಯ ವಾರದಿಂದ ನಿದ್ರೆ ಸರಿಯಾಗಿ ಬರಲಿಲ್ಲ. ಒಂದು ದಿನ ಮಾಳಿಗೆಯ ಮೆಟ್ಟಿಲು ಓಡಿ ಹತ್ತಿದಾಗ ಎದೆ ಹೊಡೆದುಕೊಂಡಿತು. ಹೀಗೆ ಹಿಂದೆಂದೂ ಆಗಿರಲಿಲ್ಲ. ಅವನು ಮಾಸ್ತರರ ಹತ್ತಿರ ಹೋದ.

"ಮಾಸ್ಟ್ರೇ, ನಾನು ಒಮ್ಮೆ ಕಂಕನಾಡಿವರೆಗೆ ಓಡಿ ನೋಡ್ಲಾ?"

"ಓಡುವುದು ಓಟದ ದಿನ," ಎಂದರು ಮಾಸ್ತರರು.

"ಮೆಟ್ಟಿಲು ಹತ್ತಿದ್ರೆ ದಮ್ಮು ಕಟ್ತಾ ಉಂಟು."

"ಶಕ್ತಿ ತುಂಬಿದ್ದಕ್ಕೆ ಹಾಗೆ ಆಗ್ತದೆ. ತುಂಬಿದ ಕೊಡ ಹೊತ್ತರೆ ಭಾರ ಆಗುವುದಿಲ್ವಾ?"

ಕೊಡವನ್ನು ಹೊರುವವನು ತಾನೇ, ಕೊಡವೂ ತಾನೇ ಹೇಗೆ ಆಗುವುದೆಂದು ಬೋಜನಿಗೆ ಅರ್ಥವಾಗಲಿಲ್ಲ. ಆದರೆ ಇಂಗ್ಲಿಷ್ ಪುಸ್ತಕದ ಎದುರು ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

ಓಟದ ದಿನ ಅವನಿಗೆ ಕ್ಯಾನ್ವಾಸಿನ ಬೂಟು ತೊಡಿಸಿದರು. ಹೊಟ್ಟೆಗೆ ಫ್ಲಾನೆಲಿನ ಪಟ್ಟಿ ಬಿಗಿದರು. ಹೊರಡುವ ಅರ್ಧ ಗಂಟೆ ಮೊದಲು ಇನ್ನೂ ಎರಡು ಮೊಟ್ಟೆ ಕುಡಿಸಿದರು. ಸೀಟಿ ಊದಿದಾಗ ಬೋಜ ಎಂದಿನ ಹಾಗೆ ಮುಂದೆ ಹಾರಿದ. ಮೊದಲ ಮೈಲಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ಬಾಡಿಗೆ ಕಾರಿನಲ್ಲಿ ಹಿಂದೆ ಬರುತ್ತಿದ್ದ ಮಾಸ್ತರರು ಅಧ್ಯಕ್ಷರಿಗೆ ವಾಚು ತೋರಿಸಿ ನಕ್ಕರು.

ಎರಡನೆಯ ಮೈಲಿಯಲ್ಲಿ ಬೋಜನ ಕಾಲು ಮರದ ಹಾಗೆ ಆಯಿತು. ಪಡೀಲಿನಲ್ಲಿ ತಿರುಗುವಾಗ ಆರು ಮಂದಿ ಅವನನ್ನು ದಾಟಿದ್ದರು. ಕಂಕನಾಡಿಯ ಏರಿನ ನಡುವೆ ಅವನು ರಸ್ತೆಯ ಬದಿಗೆ ಹೋಗಿ, ಗೋಡೆಗೆ ಕೈ ಕೊಟ್ಟು, ಆರೂ ಮೊಟ್ಟೆಗಳನ್ನು ಕಾರಿದ. ಅಲ್ಲೇ ಕೂತುಬಿಟ್ಟ. ಕಾರು ನಿಂತಿತು. ಮಾಸ್ತರರು ಇಳಿದು ಬಂದು, "ಏಳು! ಇನ್ನೂ ಶಕ್ತಿ ಉಂಟು ನಿನ್ನಲ್ಲಿ! ನಾನು ತೂಗಿದ್ದೇನೆ!" ಎಂದು ಕಿರುಚಿದರು. ಆ ಹೊತ್ತಿಗೆ ಮಿಸ್ಟರ್ ಹೋಗಿತ್ತು, ನೀವೂ ಹೋಗಿತ್ತು.

ಕಪ್ಪು ಮೂರನೆಯ ಸಲವೂ ಸಮದನಿಗೇ ಸಿಕ್ಕಿತು. ಮೈದಾನದ ಮರದ ಕೆಳಗೆ ಕೂತಿದ್ದ ಬೋಜನನ್ನು ನೋಡಿ ಸಮದ್ ಹತ್ತಿರ ಬಂದ.

"ಮೇ ತಿಂಗಳಲ್ಲಿ ನೀನು ಓಡಿದ್ದನ್ನು ನೋಡಿದವರು ಹೇಳಿದ್ರು. ನಿನ್ನ ಹೆದರಿಕೆಗೆ ನಾನು ಈ ಸಲ ದಿನಾ ಎರಡು ಬುಟ್ಟಿ ಜಾಸ್ತಿ ಹೊತ್ತೆ, ಮಾರಾಯ. ಎಂತ ಆಯ್ತು ನಿನಗೆ?"

"ಎರಡು ತಿಂಗಳು ಮಲಗಿದ್ದೆ," ಎಂದ ಬೋಜ.

"ಜ್ವರವಾ?"

"ಅಲ್ಲ. ಟ್ರೈನಿಂಗ್."

ಸಮದ್ ಅವನ ಮುಖ ನೋಡಿದ. ನಗಬೇಕೋ ಬೇಡವೋ ಎಂದು ತಿಳಿಯದೆ, ತನ್ನ ಕೈಯಲ್ಲಿದ್ದ ಎಳನೀರನ್ನು ಅವನಿಗೆ ಕೊಟ್ಟು ಹೋದ.

ಮರುವಾರ ಊರಿನ ಪತ್ರಿಕೆಯೊಂದರಲ್ಲಿ ಸಂಘದ ಹೇಳಿಕೆ ಬಂತು. ತರಬೇತಿಯಲ್ಲಿ ಯಾವ ದೋಷವೂ ಇರಲಿಲ್ಲ, ಕೂಲಿಯವರಲ್ಲಿ ಮನೋಬಲ ಇರುವುದಿಲ್ಲವೆಂಬುದು ಇದರಿಂದ ಸಿದ್ಧವಾಯಿತು, ಮುಂದಿನ ವರ್ಷ ಸುಸಂಸ್ಕೃತ ಮನೆತನದ ಯುವಕನನ್ನೇ ಆರಿಸಲಾಗುವುದು ಎಂದು ಅದರಲ್ಲಿತ್ತು. ಓದಲು ಬರುವ ಯಾರೋ ಅದನ್ನು ಹೇಮಾಕ್ಷಿಗೆ ಓದಿ ಹೇಳಿದರು. ಅವಳು ಕೈಯ ಮಣ್ಣನ್ನೂ ತೊಳೆಯದೆ ಹಂಪನಕಟ್ಟೆಗೆ ನಡೆದಳು. ಬೋಜನ ಎರಡು ಪಂಚೆ, ಒಂದು ಅಂಗಿ ಸಂಘದ ಕೋಣೆಯಲ್ಲೇ ಉಳಿದಿತ್ತು. ಅದು ನೆಪ.

ಮಾಳಿಗೆಯಲ್ಲಿ ಹತ್ತು ಹನ್ನೆರಡು ಮಂದಿ ಚಾ ಕುಡಿಯುತ್ತಿದ್ದರು. ಹೇಮಾಕ್ಷಿ ಬಾಗಿಲಲ್ಲಿ ನಿಂತಳು.

"ನನ್ನ ತಮ್ಮನ ಬಟ್ಟೆ ಕೊಡಿ."

ಬಟ್ಟೆಯ ಗಂಟನ್ನು ಮಾಸ್ತರರು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟರು.

"ಮನೋಬಲ ಅಂದ್ರೆ ಎಂತ ಮಾಸ್ಟ್ರೇ? ನಿಮ್ಮಲ್ಲಿ ಉಂಟಾ ಅದು?" ಅವಳು ಕೇಳಿದಳು.

"ಏ ಹೆಂಗಸೇ, ಇದು ಮರ್ಯಾದಸ್ಥರು ಕೂರುವ ಜಾಗ," ಎಂದರು ಅಧ್ಯಕ್ಷರು.

"ಕೂರುವ ಜಾಗ, ಅದು ಕಾಣ್ತದೆ," ಎಂದಳು ಹೇಮಾಕ್ಷಿ. "ಎಂಟು ವರ್ಷ ಅವ ದಿನಾ ನೂರು ಸಲ ಹಲಗೆ ಹತ್ತಿದ್ದಾನೆ. ಒಂದು ದಿನ ಕೂತದ್ದಿಲ್ಲ. ನೀವು ಎರಡು ತಿಂಗಳು ಕೂರಿಸಿದ್ರಿ, ರಸ್ತೆಯಲ್ಲಿ ಕೂತ. ನೀವು ಕಲಿಸಿದ್ದನ್ನೇ ಅವ ಮಾಡಿದ್ದು. ಅದಕ್ಕೆ ಪೇಪರಿನಲ್ಲಿ ಯಾಕೆ ಬಯ್ತೀರಿ?"

ಯಾರೋ ಒಬ್ಬರು ಬಾಯೊಳಗಿನ ಚಾ ಉಗುಳಿ ಕೆಮ್ಮಿದರು. ಹೇಮಾಕ್ಷಿ ಗಂಟನ್ನು ಕಂಕುಳಲ್ಲಿಟ್ಟು ಮೆಟ್ಟಿಲಿಳಿದಳು.

ದಕ್ಕೆಯಲ್ಲಿ ಬೋಜನ ಜಾಗಕ್ಕೆ ಮೇಸ್ತ್ರಿ ಬೇರೆಯವನನ್ನು ಹಾಕಿಯಾಗಿತ್ತು. ದೋಣಿಯ ಹಸನಬ್ಬ ಬ್ಯಾರಿ ಇಲ್ಲದಿದ್ದರೆ ಅವನಿಗೆ ಮತ್ತೆ ಕೆಲಸ ಸಿಗುತ್ತಿರಲಿಲ್ಲ. ಹಸನಬ್ಬ ಅರವತ್ತು ದಾಟಿದವನು. ನಲವತ್ತು ವರ್ಷದಿಂದ ಆ ಹೊಳೆಯಲ್ಲಿ ಮಣ್ಣಿನ ದೋಣಿ ನಡೆಸುತ್ತಿದ್ದ. "ಬೋಜ ಹೊರದಿದ್ರೆ ನನ್ನ ದೋಣಿ ಮಧ್ಯಾಹ್ನದೊಳಗೆ ಖಾಲಿ ಆಗುವುದಿಲ್ಲ," ಎಂದು ಅವನು ಮೇಸ್ತ್ರಿಯ ಹತ್ತಿರ ಜಗಳ ಮಾಡಿ ಒಪ್ಪಿಸಿದ.

ಆದರೆ ಮೊದಲ ದಿನ ಆರು ಬುಟ್ಟಿಗೆ ಬೋಜ ಏದುಸಿರು ಬಿಟ್ಟ. ಜೊತೆಯವರು, "ಮೊಟ್ಟೆ ಬೇಕಾ ಮಿಸ್ಟರ್ ಬೋಜ?" ಎಂದು ನಕ್ಕರು. ಅವನು ಸಿಟ್ಟಿನಿಂದ ಇನ್ನೂ ಜೋರಾಗಿ ಓಡಿದ, ಹತ್ತನೆಯ ಬುಟ್ಟಿಗೆ ಕಣ್ಣು ಕತ್ತಲೆ ಬಂತು. ಹಸನಬ್ಬ ದೋಣಿಯ ಅಂಚಿನಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದ.

"ನಿನ್ನ ಕಾಲು ಸರಿ ಉಂಟು," ಎಂದ. "ದಮ್ಮು ವಾಪಸ್ ಬರುವುದು ತಡ ಆಗ್ತಾ ಉಂಟು. ಮೊದಲೆಲ್ಲ ನೀನು ಮೇಲಿಂದ ಇಳಿದು ಹಲಗೆಯ ಬುಡಕ್ಕೆ ಬರುವಾಗ ನಿನ್ನ ಎದೆ ಅಲ್ಲಾಡ್ತಿರಲಿಲ್ಲ. ಈಗ ನೋಡು."

"ವಾಪಸ್ ಬರ್ತದಾ ಬ್ಯಾರಿಗಳೇ?"

"ಬಾರದೆ ಎಲ್ಲಿಗೆ ಹೋಗ್ತದೆ? ಕರೀಬೇಕು, ಅಷ್ಟೇ. ದೊಣ್ಣೆ ಹಿಡ್ಕೊಂಡು ಓಡಿಸಿದ್ರೆ ಬರುವುದಿಲ್ಲ."

ಮೂರು ವಾರ ಬೋಜ ನಗುವವರನ್ನು ನಗಲು ಬಿಟ್ಟು, ಅರ್ಧ ಬುಟ್ಟಿ ಹೊತ್ತ. ನಾಲ್ಕನೆಯ ವಾರ ಹಲಗೆಯ ಬುಡದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ನೋಡಿದ. ಹಸನಬ್ಬ ಹೇಳಿದ್ದು ಸರಿಯಾಗಿತ್ತು. ದಮ್ಮು ಮೊದಲಿಗಿಂತ ಬೇಗ ವಾಪಸ್ ಬರುತ್ತಿತ್ತು. ಆ ದಿನ ಅವನ ತಲೆಯಲ್ಲಿ ಒಂದು ವಿಚಾರ ಬಂತು. ಹಲಗೆಯ ಮೇಲೆ ತಾನು ಓಡುವುದು ನಾಲ್ಕು ಉಸಿರಿನಷ್ಟು ಹೊತ್ತು. ಏಳು ಮೈಲಿ ಓಟ ಮುಕ್ಕಾಲು ಗಂಟೆಯ ಕೆಲಸ. ಹಲಗೆಯ ದಮ್ಮು ಬೇರೆ, ದಾರಿಯ ದಮ್ಮು ಬೇರೆ. ಒಂದು ತನ್ನಲ್ಲಿತ್ತು, ಇನ್ನೊಂದು ಸಮದನಲ್ಲಿತ್ತು. ಎರಡೂ ಬೇಕು.

ಹಲಗೆಯ ದಮ್ಮಿಗೆ ದಿನಾ ಬುಟ್ಟಿ ಇತ್ತು. ದಾರಿಯ ದಮ್ಮಿಗೆ ಅವನು ಬೆಳಿಗ್ಗೆ ಸೀಟಿಗೆ ಮೊದಲು ಕಂಕನಾಡಿಗೆ, ಆಮೇಲೆ ಪಡೀಲಿಗೆ ಓಡತೊಡಗಿದ. ಮೊದಲ ಸಲ ಸಿಟ್ಟಿನಲ್ಲಿ ಓಡಿ ಬಸವಳಿದ, ಆ ದಿನದ ಕೆಲಸವೂ ಕೆಟ್ಟಿತು. ಹಸನಬ್ಬ ಬೈದ.

"ಯಾರು ಅಟ್ಟಿಸ್ತಾ ಇದ್ರು ನಿನ್ನನ್ನು? ಓಡುವಾಗ ನಿನಗೆ ನನ್ನನ್ನು ಉದ್ದಕ್ಕೆ ಒಮ್ಮೆ ಬೈಲಿಕ್ಕೆ ಆಗ್ಬೇಕು, ನಡುವೆ ಉಸಿರು ತೆಗೀದೆ. ಆಗದಿದ್ರೆ ನೀನು ಜೋರು ಹೋಗ್ತಾ ಇದ್ದೀ ಅಂತ ಲೆಕ್ಕ."

ಬೋಜ ಹಾಗೇ ಮಾಡಿದ. ಮುಂಜಾನೆ ಪಡೀಲಿನ ದಾರಿಯಲ್ಲಿ ಒಬ್ಬ ಕಟ್ಟಾಳು ತನ್ನಷ್ಟಕ್ಕೆ ಬೈದುಕೊಂಡು ಓಡುವುದನ್ನು ಕಂಡವರು ದಾರಿ ಬಿಟ್ಟು ನಿಂತರು. ಅವನು ಬೈಯುತ್ತಿದ್ದದ್ದು ಹಸನಬ್ಬನಿಗೆ ಅಲ್ಲ. ಆಂಬ್ರೋಸ್ ಮಾಸ್ತರರಿಗೆ, ಅಧ್ಯಕ್ಷರಿಗೆ, ಕೊಬ್ಬರಿಯ ತಕ್ಕಡಿಗೆ. ಬೈಗುಳಕ್ಕೆ ಬರವೇ ಇರಲಿಲ್ಲ. ತಿಂಗಳು ಹೋದ ಹಾಗೆ ಅದೇ ಉಸಿರಿನಲ್ಲಿ ಮೊದಲಿಗಿಂತ ಬೇಗ ಪಡೀಲು ಮುಟ್ಟುತ್ತಿದ್ದ.

ಮಳೆಗಾಲ ಕಳೆದ ಮೇಲೆ ಭಾನುವಾರಗಳಲ್ಲಿ ಇನ್ನೊಂದು ಕೆಲಸ ಹಿಡಿದ. ಹೊಳೆಯ ಬದಿಯ ಮರಳಿನಲ್ಲಿ ಒಂದು ತೆಂಗಿನಿಂದ ಹತ್ತನೆಯ ತೆಂಗಿನವರೆಗೆ ಜೋರು ಓಡುವುದು, ದಮ್ಮು ವಾಪಸ್ ಬರುವವರೆಗೆ ನಡೆಯುವುದು, ಮತ್ತೆ ಓಡುವುದು. ಮೊದಲ ಭಾನುವಾರ ನಾಲ್ಕು ಸಲ. ನವೆಂಬರಿನಲ್ಲಿ ಹದಿನೈದು ಸಲ. ಹೇಮಾಕ್ಷಿ ಗಂಜಿಗೆ ಒಣಮೀನಿನ ಚಟ್ನಿ ಜೊತೆ ಒಂದು ಮುಷ್ಟಿ ಹುರುಳಿ ಬೇಯಿಸಿ ಹಾಕುತ್ತಿದ್ದಳು. ಓಟಕ್ಕೆ ಮೂರು ದಿನ ಮೊದಲು ಅವಳೇ ಅವನ ಓಟ ನಿಲ್ಲಿಸಿದಳು. "ಎತ್ತನ್ನು ಸಹ ಹೂಡುವ ಮೊದಲು ಒಂದು ದಿನ ಬಿಡ್ತಾರೆ," ಎಂದಳು. ಬೋಜನಿಗೆ ಅದು ಸರಿಯೆನ್ನಿಸಿತು. ಎರಡು ತಿಂಗಳ ವಿಶ್ರಾಂತಿಗೂ ಮೂರು ದಿನದ ವಿಶ್ರಾಂತಿಗೂ ಇರುವ ಅಂತರ ಅವನಿಗೆ ಚೆನ್ನಾಗಿ ಗೊತ್ತಿತ್ತು.

1936ರ ಓಟಕ್ಕೆ ಅವನು ಯಾವ ಸಂಘದ ಹೆಸರಿನಲ್ಲೂ ನಿಲ್ಲಲಿಲ್ಲ. ಪಟ್ಟಿ ಬರೆಯುವವನಿಗೆ, "ಬೋಜ, ಜೆಪ್ಪು," ಎಂದಷ್ಟೇ ಹೇಳಿದ. ವ್ಯಾಯಾಮ ಸಂಘದಿಂದ ಈ ಸಲ ರುಡೊಲ್ಫ್ ಎಂಬ ಬ್ಯಾಂಕಿನ ಗುಮಾಸ್ತ ಬಂದಿದ್ದ. ಒಳ್ಳೆಯ ಕಾಲಿನ, ಎತ್ತರದ ಯುವಕ. ಎರಡು ತಿಂಗಳ ಸೂಪು, ಪರದೆ, ಹಾಸಿಗೆ ಅವನಿಗೂ ಆಗಿತ್ತು. ಮುಖ ಬೆಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹದಿಮೂರು ಪೌಂಡು ಎಂದು ಮಾಸ್ತರರು ಎಲ್ಲರಿಗೂ ಕೇಳುವಂತೆ ಹೇಳಿದರು. ಅವನು ಪಡೀಲಿನಲ್ಲಿ ಒಂದು ಮೋರಿಯ ಕಟ್ಟೆಯ ಮೇಲೆ ಕೂತ. ಮತ್ತೆ ಏಳಲಿಲ್ಲ.

ಬೋಜ ಬರಿಗಾಲಲ್ಲಿ ಓಡಿದ. ಮೊದಲ ಎರಡು ಮೈಲಿ ಹತ್ತು ಮಂದಿಯ ಹಿಂದೆಯೇ ಉಳಿದ. ಜನ, "ಈ ಸಲ ಮೊದಲೇ ಸತ್ತ," ಎಂದರು. ಪಡೀಲು ತಿರುಗುವಾಗ ಮೂರನೆಯವನು. ಕಂಕನಾಡಿಯ ಏರಿನ ಬುಡದಲ್ಲಿ ಮುಂದೆ ಇದ್ದದ್ದು ಸಮದ್ ಒಬ್ಬನೇ, ಐವತ್ತು ಮಾರು ದೂರದಲ್ಲಿ. ಸಮದ್ ಏರನ್ನು ಸಮತಟ್ಟಿನ ಹಾಗೆಯೇ, ಒಂದೇ ಹದದಲ್ಲಿ ಹತ್ತುತ್ತಿದ್ದ. ಬೋಜ ತಲೆ ತಗ್ಗಿಸಿ, ತುಂಬಿದ ಬುಟ್ಟಿ ಮೇಲಿದೆಯೆಂದುಕೊಂಡು, ಹಲಗೆ ಹತ್ತುವ ಓಟ ಓಡಿದ. ಇಪ್ಪತ್ತು ಮಾರು ಹಾಗೆ, ಆಮೇಲೆ ಸ್ವಲ್ಪ ಸಡಿಲ, ಮತ್ತೆ ಇಪ್ಪತ್ತು ಮಾರು. ಏರಿನ ತುದಿಯಲ್ಲಿ ಸಮದನ ಪಕ್ಕಕ್ಕೆ ಬಂದಿದ್ದ. ಸಮದನ ಉಸಿರು ಏರಿಗೆ ಸ್ವಲ್ಪ ಕೆಟ್ಟಿತ್ತು, ಬೋಜನದ್ದು ಇನ್ನೂ ಜಾಸ್ತಿ ಕೆಟ್ಟಿತ್ತು. ಆದರೆ ಜೆಪ್ಪುವಿನ ಇಳಿಜಾರಿನಲ್ಲಿ ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಬೋಜನ ದಮ್ಮು ವಾಪಸ್ ಬಂತು. ಸಮದನದ್ದು ಬರಲಿಲ್ಲ.

ಮೈದಾನದಲ್ಲಿ ಬೋಜ ಮೂವತ್ತು ಮಾರು ಮುಂದಿದ್ದ. ಹೇಮಾಕ್ಷಿ ಜನರನ್ನು ದೂಡಿಕೊಂಡು ಮುಂದೆ ಬಂದಳು. ಸಮದ್ ಬಂದು ಅವನ ಹೆಗಲಿಗೆ ಬಿದ್ದು, "ಈ ವರ್ಷ ಮಲಗಲಿಲ್ವಾ?" ಎಂದ. ಇಬ್ಬರೂ ನಕ್ಕರು.

ಆಮೇಲೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಬಹುಮಾನ ಕೊಡುವ ವೇದಿಕೆಯಲ್ಲಿ ವ್ಯಾಯಾಮ ಸಂಘದ ಅಧ್ಯಕ್ಷರೇ ಕೂತಿದ್ದರು. ಅವರ ಪಕ್ಕ ಆಂಬ್ರೋಸ್ ಮಾಸ್ತರರು. ಅಧ್ಯಕ್ಷರು ಎದ್ದು ನಿಂತು ಹೇಳಿದರು:

"ಕಳೆದ ವರ್ಷ ನಮ್ಮ ಸಂಘ ಈ ಬಡ ಯುವಕನಿಗೆ ಎರಡು ತಿಂಗಳು ಶಾಸ್ತ್ರೀಯ ತರಬೇತಿ ಕೊಟ್ಟಿತು. ಆಗ ಫಲ ಕಾಣಲಿಲ್ಲ. ನಾವು ನಿರಾಶರಾಗಲಿಲ್ಲ. ಮಾವಿನ ಗಿಡ ನೆಟ್ಟ ವರ್ಷವೇ ಹಣ್ಣು ಬಿಡುತ್ತದೆಯೇ? ಆಂಬ್ರೋಸ್ ಮಾಸ್ತರರು ಇವನಲ್ಲಿ ತುಂಬಿಸಿದ ಶಕ್ತಿ ಈ ವರ್ಷ ಹೊರಗೆ ಬಂದಿದೆ!"

ಜನ ಚಪ್ಪಾಳೆ ತಟ್ಟಿದರು. ಕಳೆದ ವರ್ಷ ಅವನು ಕಾರಿದ ಗೋಡೆಯ ಎದುರಿನ ಮನೆಯವರೂ ತಟ್ಟಿದರು. ಮಾಸ್ತರರು ಎದ್ದು ನಿಂತು ಮೂರು ದಿಕ್ಕಿಗೆ ಬಾಗಿದರು. ತಾವು ಹೇಳಿದ್ದನ್ನು ತಾವೇ ನಂಬಿದವರ ಸಂತೋಷ ಅವರ ಮುಖದಲ್ಲಿತ್ತು. ಅದು ಸುಳ್ಳಿಗಿಂತ ಕೆಟ್ಟದ್ದೆಂದು ಬೋಜನಿಗೆ ಅನ್ನಿಸಿತು.

ಕಪ್ಪು ಕೊಟ್ಟ ಮೇಲೆ ಎರಡು ಮಾತಾಡು ಎಂದರು. ಬೋಜ ಎಂದೂ ಸಭೆಯಲ್ಲಿ ಮಾತಾಡಿದವನಲ್ಲ.

"ನನ್ನಲ್ಲಿ ತುಂಬಿಸಿದ್ದು ಕಳೆದ ವರ್ಷವೇ ಹೊರಗೆ ಬಂದಿತ್ತು," ಎಂದ. "ಕಂಕನಾಡಿಯಲ್ಲಿ. ನೋಡಿದವರು ಇಲ್ಲಿ ಇದ್ದಾರೆ."

ಹಿಂದಿನ ಸಾಲುಗಳಲ್ಲಿ ದೊಡ್ಡ ನಗೆ ಎದ್ದಿತು.

"ಮಾಸ್ಟ್ರಿಗೆ ನನ್ನ ಓಟ ಗೊತ್ತಿದ್ರೆ ನಾಳೆ ಬೆಳಿಗ್ಗೆ ಜೆಪ್ಪು ದಕ್ಕೆಗೆ ಬರ್ಲಿ. ಹತ್ತು ಬುಟ್ಟಿ ಬೇಡ, ಒಂದು ಬುಟ್ಟಿ ಹೊರ್ಲಿ. ಆಮೇಲೆ ಕಪ್ಪು ಅವ್ರಿಗೇ ಕೊಡ್ತೇನೆ."

ಮಾಸ್ತರರು ನಗುಮುಖದಿಂದಲೇ, "ಹುಡುಗನಿಗೆ ತಮಾಷೆ ಜಾಸ್ತಿ," ಎಂದರು. ಬ್ಯಾಂಡು ಬಾರಿಸತೊಡಗಿತು. ಪತ್ರಿಕೆಯಲ್ಲಿ ಬೋಜನ ಮಾತು ಬರಲಿಲ್ಲ. ಅಧ್ಯಕ್ಷರದ್ದು ಪೂರ್ತಿ ಬಂತು. ಒಂದು ತಿಂಗಳೊಳಗೆ ಆಂಬ್ರೋಸ್ ಮಾಸ್ತರರಿಗೆ ಸನ್ಮಾನವಾಯಿತು, ಶಾಲು ಹೊದಿಸಿದರು. ಅವರು 'ಶಕ್ತಿ ಸಂಚಯ' ಎಂದು ಇಪ್ಪತ್ತು ಪುಟದ ಒಂದು ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಬೋಜನ ಚಿತ್ರವಿತ್ತು, ತಕ್ಕಡಿಯಲ್ಲಿ ಕೂತದ್ದು.

ಹೇಮಾಕ್ಷಿಗೆ ಸಿಟ್ಟು ಇಳಿಯಲಿಲ್ಲ. ಬೋಜನಿಗೆ ಇಳಿದಿದೆಯೆಂದು ಜನ ತಿಳಿದರು, ಆದರೆ ಅವನಿಗೂ ಇಳಿದಿರಲಿಲ್ಲ. ಅದಕ್ಕೇ ಫೆಬ್ರವರಿಯ ಒಂದು ಬೆಳಿಗ್ಗೆ ಬ್ಯಾಂಕಿನ ಗುಮಾಸ್ತ ರುಡೊಲ್ಫ್ ದಕ್ಕೆಗೆ ಬಂದು ನಿಂತಾಗ ಬೋಜನಿಗೆ ಮೊದಲು ಆದದ್ದು, ಸೇಡಿಗೆ ಸಂಘದವನೊಬ್ಬ ಸಿಕ್ಕನೆಂಬ ಖುಷಿ.

"ನಂಗೆ ಓಡ್ಲಿಕ್ಕೆ ಕಲಿಸ್ತೀರಾ?" ರುಡೊಲ್ಫ್ ಕೇಳಿದ. "ಹತ್ತು ಗಂಟೆಗೆ ಬ್ಯಾಂಕು. ಅಲ್ಲಿವರೆಗೆ ನೀವು ಹೇಳಿದ್ದು ಮಾಡ್ತೇನೆ."

ಬೋಜ ಅವನ ಬಿಳಿ ಪ್ಯಾಂಟನ್ನು, ಪಾಲಿಶ್ ಮಾಡಿದ ಬೂಟನ್ನು ನೋಡಿದ. ದೋಣಿಯ ತಳದ, ನೀರು ಕುಡಿದ ಮಣ್ಣನ್ನೇ ಹುಡುಕಿ, ಬುಟ್ಟಿ ಅಂಚಿನವರೆಗೆ ತುಂಬಿಸಿದ.

"ಓಡಿ," ಎಂದ.

ರುಡೊಲ್ಫ್ ಹಲಗೆಯ ಅರ್ಧದಲ್ಲಿ ಬುಟ್ಟಿ ಸಮೇತ ಹೊಳೆಗೆ ಬಿದ್ದ. ದಕ್ಕೆಯ ಜನವೆಲ್ಲ ಕೈತಟ್ಟಿ ನಕ್ಕರು. ಬೋಜ ಅವರಿಗಿಂತ ಜೋರಾಗಿ ನಕ್ಕ. ಹಸನಬ್ಬ ಮಾತ್ರ ನಗದೆ ಕೈ ಕೊಟ್ಟು ಅವನನ್ನು ಮೇಲೆತ್ತಿದ. ರುಡೊಲ್ಫ್ ಕೆಸರು ಪ್ಯಾಂಟಿನಲ್ಲೇ ಬ್ಯಾಂಕಿಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡ ಬೋಜ.

ಮರುದಿನ ಅವನು ಪಂಚೆ ಉಟ್ಟು ಬಂದ. ಬೋಜ ಅದೇ ಹಸಿ ಮಣ್ಣು ತುಂಬಿಸಿದ. ಈ ಸಲ ರುಡೊಲ್ಫ್ ಬೀಳಲಿಲ್ಲ. ಮೂರು ಬುಟ್ಟಿ ಹೊತ್ತು, ರಾಶಿಯ ಹಿಂದೆ ಹೋಗಿ ಕಾರಿ, ಬಾಯಿ ತೊಳೆದುಕೊಂಡು ಬಂದು ಇನ್ನೊಂದು ಕೇಳಿದ. ಮೂರನೆಯ ದಿನವೂ ಬಂದ. ಆ ದಿನ ಯಾರೂ ನಗಲಿಲ್ಲ. ಬೋಜನಿಗೆ ಅದೇಕೋ ಕಿರಿಕಿರಿಯಾಯಿತು. ಇವನನ್ನು ಕೀಳಾಗಿ ಕಾಣಲು ಏನಾದರೂ ಉಳಿದಿದೆಯೇ ಎಂದು ಹುಡುಕಿದ, ಸಿಗಲಿಲ್ಲ.

ನಾಲ್ಕನೆಯ ದಿನ ರುಡೊಲ್ಫ್ ದಕ್ಕೆಗೆ ಬಂದಾಗ ಬೋಜ ಬುಟ್ಟಿಯಿಂದ ಅರ್ಧ ಮಣ್ಣನ್ನು ಕೈಯಲ್ಲಿ ತೋಡಿ ದೋಣಿಗೆ ವಾಪಸ್ ಹಾಕಿದ.

"ಮೂರು ವಾರ ಇಷ್ಟೇ," ಎಂದ. "ಜಾಸ್ತಿ ಕೇಳ್ಬೇಡಿ. ಮೇಲೆ ಹೋದ ಮೇಲೆ ನಿಲ್ಬೇಡಿ, ನಡೀತಾ ಇಳೀರಿ. ಕೈಯನ್ನು ಎದೆ ಮೇಲಿಡಿ. ಎಂತ ಗೊತ್ತಾಗ್ತದೆ ಅಂತ ಬುಡಕ್ಕೆ ಬಂದು ನಂಗೆ ಹೇಳಿ."

ರುಡೊಲ್ಫ್ ಬಟ್ಟೆಯ ಸಿಂಬಿ ಸರಿ ಮಾಡಿಕೊಂಡು, ಬುಟ್ಟಿ ತಲೆಗೇರಿಸಿ, ಹಲಗೆಯ ಮೇಲೆ ಓಡಿದ.